ಗಡ್ಡದ ಓತಿಕ್ಯಾತನ ಇಪ್ಪತ್ತೆರಡು ತತ್ತಿಗಳು

೧

ಈ ಕಥೆ ಎಲ್ಲಿಂದ ಶುರುವಾಗಬೇಕು ಅಂತ ನಿಮ್ಮನ್ನೇ ಕೇಳಿಬಿಡೋಣ ಅನ್ನಿಸುತ್ತದೆ. ಕೇಳಿದರೆ, ‘ಬರೆಯಲು ಕೂತವನು ನೀನು, ನಮ್ಮನ್ನೇನು ಕೇಳುತ್ತೀ’ ಅನ್ನುತ್ತೀರಿ. ಅದೂ ಸರಿ. ನಾಲ್ಕು ವರ್ಷದಲ್ಲಿ ಒಂಬತ್ತು ಸಲ ಶುರು ಮಾಡಿದ್ದೇನೆ. ಒಂದು ಡ್ರಾಫ್ಟು ಬ್ಯಾಡಗಿಯ ಮೆಣಸಿನಕಾಯಿ ಘಾಟಿನಿಂದ ಶುರುವಾಗಿತ್ತು. ಬ್ಯಾಡಗಿಯ ಬಗ್ಗೆ ಯಾರು ಬರೆದರೂ ಮೊದಲ ಸಾಲಿನಲ್ಲೇ ಸೀನುತ್ತಾರೆ, ಅದಕ್ಕೇ ಹರಿದು ಹಾಕಿದೆ. ಇನ್ನೊಂದು ಆಸ್ಟ್ರೇಲಿಯಾದ ಮರಳುಗಾಡಿನಿಂದ ಶುರುವಾಗಿತ್ತು. ನಾನು ರಾಣೆಬೆನ್ನೂರು ದಾಟಿ ಆಚೆ ಹೋಗಿದ್ದೇ ಕಡಿಮೆ. ಮರಳುಗಾಡು ನನಗೆಲ್ಲಿ ಗೊತ್ತು? ಅದನ್ನೂ ಹರಿದೆ.

ಸೀದಾ ಹೇಳಿಬಿಡುತ್ತೇನೆ. ನಮ್ಮ ಓಣಿಯ ಭರಮವ್ವನಿಗೆ ನಾನು ಒಂದು ಮಾತು ಹೇಳಬೇಕು. ನಾಲ್ಕು ವರ್ಷದಿಂದ ಹೇಳಿಲ್ಲ. ಎದುರಿಗೆ ನಿಂತು ಹೇಳಲು ಬಾಯಿ ಬರದೆ ಕಥೆ ಬರೆಯಲು ಕೂತಿದ್ದೇನೆ. (ಭರಮವ್ವನಿಗೆ ಓದಲು ಬರುವುದಿಲ್ಲ. ನನ್ನ ಧೈರ್ಯ ಎಷ್ಟರದ್ದು ಅಂತ ಇಷ್ಟರಲ್ಲೇ ನಿಮಗೆ ಗೊತ್ತಾಗಿರಬೇಕು.)

೨

ಪಾತ್ರಗಳು. ಮನುಷ್ಯರು ಮೂವರು, ಪ್ರಾಣಿಗಳು ಎರಡು.

ನಾನು ಸಿದ್ದಲಿಂಗಪ್ಪ. ಮೋಟೆಬೆನ್ನೂರಿನ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರ, ಮನೆ ಬ್ಯಾಡಗಿಯಲ್ಲಿ. ಓಣಿಯಲ್ಲಿ ಯಾರಿಗೆ ಇಂಗ್ಲಿಷ್ ಕಾಗದ ಬಂದರೂ ನನ್ನ ಕಡೆಗೇ ತರುತ್ತಾರೆ. ಔಷಧಿ ಚೀಟಿ, ಕೋರ್ಟಿನ ನೋಟೀಸು, ರೇಡಿಯೋ ಡಬ್ಬಿಯ ಮೇಲಿನ ಬರಹ, ಎಲ್ಲ. ನನಗೆ ಅದರ ಜಂಬ ಬಹಳ ಇತ್ತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎರಡನೆಯವನು ಫಕ್ಕೀರಸಾಬ. ಮುಂಬಯಿಯ ಒಂದು ಪಕ್ಷಿ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ ದುಡಿದವನು. ತೊಂಬತ್ತಮೂರರ ಜನವರಿಯ ಗಲಭೆಯಲ್ಲಿ ಆ ಅಂಗಡಿ ಸುಟ್ಟುಹೋಯಿತು. ಒಳಗೆ ಪಂಜರಗಳಲ್ಲಿ ನಾನೂರು ಪಕ್ಷಿಗಳಿದ್ದವು. ಬೀಗದ ಕೀಲಿ ಇವನ ಜೇಬಿನಲ್ಲಿತ್ತು. ಇವನು ತನ್ನ ಖೋಲಿಯಲ್ಲಿ, ಕರ್ಫ್ಯೂ ಒಳಗೆ, ಹೊರಗೆ ಬರುವ ಹಾಗಿರಲಿಲ್ಲ. ಆಸ್ಟ್ರೇಲಿಯಾದ ಗಡ್ಡದ ಓತಿಕ್ಯಾತಗಳ ಒಂದು ಜೋಡಿಯಲ್ಲಿ ಹೆಣ್ಣಿಗೆ ಮೈ ಹುಷಾರಿಲ್ಲ ಅಂತ ಎರಡನ್ನೂ ಅಂಗಡಿಯಿಂದ ಮನೆಗೆ ತಂದಿಟ್ಟುಕೊಂಡಿದ್ದ, ಅವಷ್ಟೇ ಉಳಿದವು. ಆ ಜೋಡಿಯನ್ನು ಬಿಸ್ಕೀಟಿನ ಡಬ್ಬಿಯಲ್ಲಿ ಹಾಕಿಕೊಂಡು, ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದು, ಹುಟ್ಟಿದೂರಿಗೆ ಬಂದ. ಇಲ್ಲಿ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ಚೀಲ ಹೊಲಿಯುವ ಕೆಲಸ ಹಿಡಿದ.

(ನಿಮ್ಮಲ್ಲಿ ಯಾರೋ ಒಬ್ಬರು, ‘ಆಸ್ಟ್ರೇಲಿಯಾದ ಓತಿಕ್ಯಾತ ಬ್ಯಾಡಗಿಗೆ ಬರೋದುಂಟೇನ್ರಿ’ ಅನ್ನುತ್ತಿದ್ದೀರಿ. ಓಣಿಯವರೂ ಅದನ್ನೇ ಅಂದರು. ಮೆಣಸಿನಕಾಯಿಯೂ ಹೊರದೇಶದಿಂದಲೇ ಬಂದದ್ದು ಅಂತ ನಾನು ಹೇಳಿದೆ. ಅದನ್ನಂತೂ ಯಾರೂ ನಂಬಲಿಲ್ಲ.)

ಮೂರನೆಯವಳು ಭರಮವ್ವ. ರಾಣೆಬೆನ್ನೂರು ರಸ್ತೆಯಲ್ಲಿದ್ದ ಕೋಳಿಮರಿ ಫಾರ್ಮಿನಲ್ಲಿ ಹನ್ನೊಂದು ವರ್ಷ ದುಡಿದಳು. ಅವಳ ಕೆಲಸ ಒಂದೇ. ಕಾವಿನ ಪೆಟ್ಟಿಗೆಯಲ್ಲಿಟ್ಟ ತತ್ತಿಗಳನ್ನು ದಿನಕ್ಕೆ ಮೂರು ಸಲ ತಿರುವುವುದು. ಒಂದು ಮಗ್ಗುಲಿಗೆ ಇದ್ದಲಿಯಿಂದ ಗುರುತು ಮಾಡಿರುತ್ತಾರೆ, ಮುಂಜಾನೆ ಗುರುತು ಮೇಲಿದ್ದರೆ ಮಧ್ಯಾಹ್ನ ಕೆಳಗೆ. ಕೋಳಿ ತಾನು ಕೂತರೂ ಕೊಕ್ಕಿನಿಂದ ಇದನ್ನೇ ಮಾಡುತ್ತದೆ. ತಿರುವದಿದ್ದರೆ ಮರಿ ಸಿಪ್ಪೆಗೆ ಅಂಟಿ ಸಾಯುತ್ತದೆ. ಫಾರ್ಮು ಬಿಟ್ಟ ಮೇಲೂ ಓಣಿಯಲ್ಲಿ ಯಾರ ಮನೆಯ ಕೋಳಿ ಕಾವಿಗೆ ಬಂದರೂ ಭರಮವ್ವನೇ ಬಂದು ಕೂಡ್ರಿಸಬೇಕು. ಅವಳ ಕೈಗುಣ ಹಾಗಿತ್ತು. ಅವಳು ಕೂಡ್ರಿಸಿದ ಹನ್ನೊಂದು ತತ್ತಿಯಲ್ಲಿ ಹನ್ನೊಂದೂ ಮರಿಯಾಗುತ್ತಿದ್ದವು. ಗಂಡ ತೀರಿಕೊಂಡಿದ್ದ, ಹೊಲ ಇರಲಿಲ್ಲ. ಓಣಿಯಲ್ಲಿ ಅವಳಿಗೆ ಇದ್ದದ್ದು ಆ ಒಂದು ಹೆಸರು.

ಆ ಹೆಸರು ಹೋದದ್ದೇ ಈ ಕಥೆ.

೩

ಪ್ರಾಣಿಗಳನ್ನು ಹೇಳದೆ ಮುಂದೆ ಓಡಿದೆ, ತಪ್ಪಾಯಿತು. ಗಂಡಿನ ಹೆಸರು ಹವಾಲ್ದಾರ, ಹೆಣ್ಣಿನ ಹೆಸರು ರಾಣಿ. ನಮ್ಮ ಬೇಲಿಯ ಓತಿಕ್ಯಾತಕ್ಕಿಂತ ಮೈ ಅಗಲ, ಬಣ್ಣ ಒಣ ಮಣ್ಣಿನದು. ಸಿಟ್ಟು ಬಂದರೆ ಹವಾಲ್ದಾರನ ಗಂಟಲು ಉಬ್ಬಿ ಕರ್ರಗಾಗುತ್ತಿತ್ತು, ಗಡ್ಡ ಬಿಟ್ಟ ಹಾಗೆ. ಆಗ ಅವನು ತಲೆ ಕುಣಿಸುತ್ತಿದ್ದ. ಅದಕ್ಕೆ ರಾಣಿ ಮುಂಗಾಲು ಒಂದನ್ನು ಎತ್ತಿ, ನಿಧಾನಕ್ಕೆ, ಗಾಳಿಯಲ್ಲಿ ಸುತ್ತಿಸಿ ಇಳಿಸುತ್ತಿತ್ತು.

ಭರಮವ್ವ ಮೊದಲ ಸಲ ನೋಡಿದಾಗ ಕೈ ಮುಗಿದೇಬಿಟ್ಟಳು. “ಅಯ್ಯ, ಶರಣು ಮಾಡಾಕತ್ತೈತಿ ನೋಡ್ರಿ! ಮಂದಿಗಿಂತಾ ಚಲೋ ಐತಿ ಬಿಡ್ರಿ ಇದು.”

ಫಕ್ಕೀರಸಾಬ ಬ್ಯಾಡಗಿಗೆ ಬಂದ ಮೇಲೆ ಅವನು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

೪

ತೊಂಬತ್ತನಾಲ್ಕರ ಫೆಬ್ರವರಿ ಇಪ್ಪತ್ತು. (ಆಗ ನಾವೆಲ್ಲ ಇನ್ನೂ ಧಾರವಾಡ ಜಿಲ್ಲೆಯವರು.) ರಾಣಿ ಉಸುಕಿನಲ್ಲಿ ತಗ್ಗು ತೋಡಿ ಇಪ್ಪತ್ತೆರಡು ತತ್ತಿ ಇಟ್ಟಿತು. ಬಿಳಿ, ಉದ್ದ, ಮುಟ್ಟಿದರೆ ಮೆತ್ತಗೆ. ಇಟ್ಟ ಮೂರನೆಯ ದಿನ ಅದು ಏಳಲಿಲ್ಲ. ಫಕ್ಕೀರಸಾಬ ಅದರ ಬಾಯಿಗೆ ಹತ್ತಿಯಿಂದ ನೀರು ಹಿಂಡುತ್ತಾ ಕೂತ. ಮಧ್ಯಾಹ್ನ ಅದು ಸತ್ತಿತು.

ಮರುದಿನ ಅವನು ನನ್ನನ್ನು ಹುಡುಕಿಕೊಂಡು ಬಸ್‌ಸ್ಟ್ಯಾಂಡಿಗೆ ಬಂದ. ನಾನು ಮೋಟೆಬೆನ್ನೂರಿನ ಬಸ್ಸಿಗೆ ಕಾಯುತ್ತಿದ್ದೆ. ಅವನ ಕೈಯಲ್ಲಿ ಎರಡು ಹಾಳಿ ಇಂಗ್ಲಿಷ್ ಕಾಗದ. ಜೋಡಿಯನ್ನು ಅಂಗಡಿಗೆ ತಂದುಕೊಟ್ಟ ಹಡಗಿನವನೊಬ್ಬ ಅದರ ಜೊತೆ ಕೊಟ್ಟಿದ್ದು.

“ಮಾಸ್ತರ, ತತ್ತಿ ಹೆಂಗ ಮರಿ ಮಾಡೋದು ಇದರಾಗ ಐತಂತ್ರಿ. ಓದಿ ಹೇಳ್ರಿ. ತಾಯಿ ಹೋತು. ಇನ್ನ ಇವಽ ಉಳದಾವು.”

ಮೊದಲ ಹಾಳಿ ಓದಿದೆ. ಹಸಿ ಉಸುಕಿನಲ್ಲಿ ಹೂಳಬೇಕು, ಬಿಸಿ ಇರಬೇಕು, ಗಡಿಗೆಗೆ ತೂತಿನ ಮುಚ್ಚಳ ಬೇಕು, ಅರವತ್ತು ಎಪ್ಪತ್ತು ದಿನ ಹಿಡಿಯುತ್ತದೆ. ಸುತ್ತ ನಾಲ್ಕು ಜನ ನಿಂತು ಕೇಳುತ್ತಿದ್ದರು. ನನ್ನ ದನಿ ತಾನಾಗಿಯೇ ದೊಡ್ಡದಾಯಿತು. ಎರಡನೇ ಹಾಳಿ ತೆಗೆದೆ. ನಡುವೆಲ್ಲ ವೈದ್ಯರ ಪುಸ್ತಕದಂಥ ಉದ್ದುದ್ದ ಶಬ್ದಗಳು. ನನಗೆ ಗೊತ್ತಿಲ್ಲದವು. ನಾಲ್ಕು ಜನರ ಎದುರು ಡಿಕ್ಷನರಿ ಬೇಕು ಅನ್ನಲು ಮನಸ್ಸಾಗಲಿಲ್ಲ. ಅಷ್ಟರಲ್ಲಿ ಬಸ್ಸು ಬಂತು.

“ಇದರಾಗ ಏನೈತ್ರಿ, ಮಾಸ್ತರ?”

“ಅದಽ ಐತಿ. ಎಲ್ಲಾ ಅದಽ ಐತಿ,” ಅಂದೆ. ಕಾಗದ ಮಡಚಿ ಜೇಬಿಗೆ ಹಾಕಿಕೊಂಡು ಬಸ್ಸು ಹತ್ತಿದೆ. ಹತ್ತುವಾಗ ತಿರುಗಿ ಇನ್ನೊಂದು ಮಾತು ಸೇರಿಸಿದೆ, ಜಾಣನ ಹಾಗೆ. “ನೀವು ಹಗಲೆಲ್ಲಾ ಮಾರ್ಕೆಟ್ಟಿನ್ಯಾಗ ಇರ್ತೀರಿ. ಗಡಿಗಿ ಭರಮವ್ವನ ಕಡೆ ಕೊಡ್ರಿ. ಆಕಿ ಕೈಗುಣ ಚಲೋ ಐತಿ.”

೪ (ಮತ್ತೊಮ್ಮೆ)

ಮೇಲಿನದನ್ನು ಇನ್ನೊಂದು ರೀತಿ ಬರೆದು ನೋಡಿದೆ. ಬಸ್ಸು ಪಂಕ್ಚರ್ ಆಗಿ ತಡವಾಗುತ್ತದೆ. ಮಾಸ್ತರ ಚಹಾ ಅಂಗಡಿಯಲ್ಲಿ ಕೂತು ಎರಡನೇ ಹಾಳಿಯನ್ನೂ ಓದುತ್ತಾನೆ. ಬಹಳ ಚೆನ್ನಾಗಿ ಬಂತು. ಒಂದು ಪಂಕ್ಚರಿನಲ್ಲಿ ಎಲ್ಲ ಬದುಕಿಕೊಂಡವು. ಓದುತ್ತಾ ನನಗೇ ಹೇಸಿಗೆಯಾಯಿತು. ಟೈರಿಗೆ ಮೊಳೆ ಹೊಡೆದರೆ ಮಾಸ್ತರನ ತಪ್ಪು ಹೋಗುತ್ತದೇನು? ಹರಿದು ಹಾಕಿದೆ.

೫

ಭರಮವ್ವ ತತ್ತಿಗಳನ್ನು ಎಣಿಸಿ ಒಪ್ಪಲಿಲ್ಲ.

“ಇಪ್ಪತ್ತೆರಡು ಕೂಡ್ರಸಂಗಿಲ್ಲ, ಫಕ್ಕೀರಣ್ಣ. ಸರಿ ಸಂಖ್ಯೆ ಕಾವಿಗೆ ಇಡಬಾರದು. ಒಂದು ತಗೀರಿ.”

“ತಗದು ಎಲ್ಲಿ ಒಗೀಲಿ, ಭರಮಕ್ಕ? ಇವು ಬಿಟ್ರ ನನಗ ಏನೈತಿ?”

ಆಕೆ ಗಡಿಗೆಯೊಳಗೆ ಬಗ್ಗಿ ನೋಡಿದಳು. ಒಂದು ತತ್ತಿ ಗಡಿಗೆಯ ಹಸಿ ಮಗ್ಗುಲಿಗೆ ಅಂಟಿಕೊಂಡಿತ್ತು. ಬಿಡಿಸಲು ಹೋದರೆ ಸಿಪ್ಪೆ ಕಿತ್ತು ಬರುವ ಹಾಗಿತ್ತು. “ಹಂಗಾರ ಇದನ್ನ ಎಣಸಬ್ಯಾಡ್ರಿ. ಇದು ಗಡಿಗಿ ಪಾಲು. ನಾ ಇದನ್ನ ಮುಟ್ಟಂಗಿಲ್ಲ. ಉಳದದ್ದು ಇಪ್ಪತ್ತೊಂದು.” ಗುಡುಗಿಗೆ ತತ್ತಿ ಕೆಡಬಾರದು ಅಂತ ಉಸುಕಿನಲ್ಲಿ ಒಂದು ಕಬ್ಬಿಣದ ಮೊಳೆ ಇಟ್ಟಳು. ಉಸುಕು ಬೆಚ್ಚಗಿರಲಿ ಅಂತ ಫಕ್ಕೀರಸಾಬ ಗಡಿಗೆಯ ಮೇಲೆ ಒಂದು ಬಲ್ಬು ಕಟ್ಟಿದ, ಕರೆಂಟು ಹೋದಾಗೆಲ್ಲ ಅದು ಆರುತ್ತಿತ್ತು. ಆಮೇಲೆ ಇದ್ದಲಿ ತುಂಡು ತೆಗೆದುಕೊಂಡು ಇಪ್ಪತ್ತೊಂದರ ಮೇಲೂ ಒಂದೊಂದು ಚುಕ್ಕೆ ಇಟ್ಟಳು.

ಅಲ್ಲಿಂದ ಎರಡು ತಿಂಗಳು. ಮುಂಜಾನೆ, ಮಧ್ಯಾಹ್ನ, ಸಂಜೆ. ಕೈ ತೊಳೆದುಕೊಂಡು, ಒರೆಸಿಕೊಂಡು, ಅಂಗೈಗಳನ್ನು ತಿಕ್ಕಿ ಬೆಚ್ಚಗೆ ಮಾಡಿಕೊಂಡು, ಒಂದೊಂದಾಗಿ ತಿರುವಿದಳು. ತಂಗಿಯ ಮಗನ ಲಗ್ನ ಅಗಡಿ ಊರಿನಲ್ಲಿತ್ತು, ತತ್ತಿಗಾಗಿ ಅದಕ್ಕೂ ಹೋಗಲಿಲ್ಲ. ನಾನು ಶಾಲೆಗೆ ಹೋಗುವಾಗ ದಿನಾ ನೋಡುತ್ತಿದ್ದೆ. ಒಮ್ಮೆ ಅವಳ ಬಾಗಿಲಲ್ಲಿ ನಿಂತು, “ಏನ್ ಕಾಳಜಿ ಭರಮವ್ವ ನಿಂದು!” ಅಂತ ಹೊಗಳಿಯೂ ಹೊಗಳಿದೆ. ಎರಡನೇ ಹಾಳಿ ಆಗ ನನ್ನ ಗ್ರಾಮರ್ ಪುಸ್ತಕದೊಳಗೆ ಇತ್ತು.

೬

ಏಪ್ರಿಲ್ ಇಪ್ಪತ್ತೆಂಟು. ಗಡಿಗೆಯ ಮಗ್ಗುಲಿಗೆ ಅಂಟಿದ್ದ ತತ್ತಿ ಒಡೆದು ಮರಿ ಹೊರಬಂತು. ನನ್ನ ತೋರುಬೆರಳಿನಷ್ಟು ಉದ್ದ, ಅದರಲ್ಲಿ ಅರ್ಧ ಬಾಲ. ಬಂದ ತಾಸಿಗೇ ಮುಂಗಾಲು ಎತ್ತಿ ನಿಧಾನಕ್ಕೆ ಸುತ್ತಿಸಿತು. ಫಕ್ಕೀರಸಾಬ ಗಡಿಗೆ ಹಿಡಿದುಕೊಂಡು ಅತ್ತ. ಓಣಿಯೇ ಸೇರಿತು.

ಉಳಿದವಕ್ಕೆ ವಾರ ಕಾದರು. ಹತ್ತು ದಿನ ಕಾದರು. ಒಂದೊಂದಾಗಿ ಹಳದಿಯಾಗಿ, ಬೂಸಲು ಹಿಡಿದು, ಕುಗ್ಗಿದವು. ಹನ್ನೊಂದನೇ ದಿನ ಭರಮವ್ವ ತಾನೇ ಕುಡಗೋಲಿನ ತುದಿಯಿಂದ ಒಂದನ್ನು ಬಿಡಿಸಿದಳು. ಒಳಗೆ ಅಷ್ಟೇ ಸಣ್ಣ ಮರಿ, ಪೂರ್ತಿ ಆಗದೆ ಸತ್ತದ್ದು. ಇನ್ನೊಂದು ಬಿಡಿಸಿದಳು. ಹೀಗೆ ಇಪ್ಪತ್ತೊಂದನ್ನೂ ಬಿಡಿಸಿ ಮೊರದಲ್ಲಿ ಸಾಲಾಗಿ ಇಟ್ಟಳು. ಯಾರು ಬೇಡವೆಂದರೂ ಕೇಳಲಿಲ್ಲ.

“ಕರೆಂಟ್ ಹೋಗಿ ಬಲ್ಬ್ ಆರಿದ್ದಕ್ಕ ಹಿಂಗಾತೇನ್ರಿ, ಮಾಸ್ತರ?” ಫಕ್ಕೀರಸಾಬ ಕೇಳಿದ.

ಆ ಹೊತ್ತಿಗೆ ನಾನು ಎರಡನೇ ಹಾಳಿ ಓದಿದ್ದೆ. ಹಿಂದಿನ ದಿನವಷ್ಟೇ. ಉದ್ದ ಶಬ್ದಗಳೆಲ್ಲ ನಡುವೆ ಇದ್ದವು, ಮೊದಲ ಸಾಲಿನಲ್ಲಿ ಒಂದೂ ಇರಲಿಲ್ಲ. ‘ಡು ನಾಟ್ ಟರ್ನ್ ದಿ ಎಗ್ಸ್.’ ತತ್ತಿ ತಿರುವಬೇಡಿ. ಇಂಥ ಪ್ರಾಣಿಯ ತತ್ತಿಯಲ್ಲಿ ಪಿಂಡ ಮೇಲಿನ ಸಿಪ್ಪೆಗೆ ಹತ್ತಿಕೊಂಡು ಬೆಳೆಯುತ್ತದಂತೆ. ತಿರುವಿದರೆ ಒಳಗೇ ಮುಳುಗಿ ಸಾಯುತ್ತದಂತೆ. ನನ್ನ ಎಂಟನೇ ಕ್ಲಾಸಿನ ಮಕ್ಕಳೂ ಓದಿ ಹೇಳುವಂಥ ಸಾಲು ಅದು.

“ಹೌದು, ಕರೆಂಟ್ ಹೋದದ್ದಕ್ಕಽ ಇರಬೇಕು,” ಅಂದೆ. ಓತಿಕ್ಯಾತಕ್ಕೆ ಬೇಲಿ ಸಾಕ್ಷಿ ಅನ್ನುತ್ತಾರಲ್ಲ. ನನಗೆ ಕರೆಂಟಿನ ಕಂಬ ಸಾಕ್ಷಿಯಾಯಿತು.

ಭರಮವ್ವ ಮೊರ ನೋಡುತ್ತಾ ಹೇಳಿದಳು. “ಕರೆಂಟ್ ಹೋದ್ರ ಎಲ್ಲಾಕ್ಕೂ ಹೋತಲ್ರಿ. ಆ ಒಂದು ಹೆಂಗ ಬದಕ್ತು? ನಾ ಮುಟ್ಟಲಾರದ್ದು ಅದೊಂದಽ. ನನ್ನ ಕೈ ಹತ್ತಿದ್ದು ಒಂದೂ ಉಳೀಲಿಲ್ಲ.”

ನಾನು ಆಗ ಒಂದು ಮಾತು ಅನ್ನಬೇಕಿತ್ತು. ಚಪ್ಪಲಿ ಮೆಟ್ಟಿಕೊಂಡು ಮನೆಗೆ ಬಂದೆ.

೭

ಏಳನೇ ಡ್ರಾಫ್ಟಿನಲ್ಲಿ ಇಪ್ಪತ್ತೆರಡೂ ಮರಿಯಾಗುತ್ತವೆ. ‘ಮುಕ್ತಾಯ (ಅ)’ ಅಂತ ಕರೆಯೋಣ. ಒಂದರ ಬೆರಳು ಇನ್ನೊಂದು ಕಚ್ಚುತ್ತದೆಂದು ಭರಮವ್ವ ಅವನ್ನು ಬೇರೆಬೇರೆ ಬುಟ್ಟಿಗಳಲ್ಲಿ ಇಡುತ್ತಾಳೆ. ಹುತ್ತದಿಂದ ಗೆದ್ದಲು ತರುತ್ತಾಳೆ, ಮೆಂತ್ಯೆಸೊಪ್ಪು ಸಣ್ಣಗೆ ಕೊಯ್ಯುತ್ತಾಳೆ, ಮೂಗಿನ ಮೇಲೆ ಒಂದೊಂದು ಹನಿ ನೀರು ಬಿಡುತ್ತಾಳೆ. ಇಪ್ಪತ್ತೆರಡು ಮರಿ ಒಟ್ಟಿಗೆ ಮುಂಗಾಲು ಎತ್ತಿ ಅವಳಿಗೆ ಶರಣು ಮಾಡುತ್ತವೆ.

ಇದನ್ನು ಬರೆಯುತ್ತಿದ್ದಾಗ ಕಥೆಯ ಭರಮವ್ವ ನಡುವೆ ಬಾಯಿ ಹಾಕಿದಳು. (ಕಥೆಯವಳು. ಖರೇ ಭರಮವ್ವ ಎರಡು ಮನೆ ಆಚೆ ಇದ್ದಾಳೆ.)

“ಮಾಸ್ತರ, ಹಿಂಗ ಬರದ್ರ ಹೆಂಗ್ರಿ? ಎಲ್ಲಾ ಮರಿ ಹೊಂಟ್ರ, ನಾ ಯಾಕ ಕೋಳಿ ಕೂಡ್ರಸೋದು ಬಿಟ್ಟೆ?”

“ನೀ ಬಿಡಂಗಿಲ್ಲ, ಭರಮವ್ವ. ಈ ಡ್ರಾಫ್ಟಿನ್ಯಾಗ ಬಿಡಂಗಿಲ್ಲ.”

“ಮತ್ತ ಆಕಿ? ಎರಡು ಮನಿ ಆಚಿ ಕುಂತಾಕಿ? ಆಕಿಗೂ ಇದನ್ನ ಹೇಳೀರೇನು?”

ನಾನು ಪೆನ್ನು ಕೆಳಗಿಟ್ಟೆ.

ಅವಳ ಹಿಂದೆಯೇ ಕಥೆಯ ಫಕ್ಕೀರಸಾಬನೂ ಬಂದ. “ಬದಲು ಮಾಡೋದಽ ಐತಿ ಅಂದ್ರ ಹಿಂದಿಂದ ಮಾಡ್ರಿ. ಕೀಲಿ ನನ್ನ ಕಿಸೇದಾಗ ಐತಿ. ಕಥಿ ನಿಮ್ಮದು. ಫಕ್ಕೀರಸಾಬ ಹೋಗಿ ಬಾಗಿಲಾ ತಗದಾ ಅಂತ ಬರೀರಿ. ಒಂದಽ ಸಾಲು. ನಿಮಗೇನ್ ಖರ್ಚು?”

ಬರೆದೆ. ಫಕ್ಕೀರಸಾಬ ಹೋಗಿ ಬಾಗಿಲು ತೆಗೆದ. ನಾನೂರು ಪಕ್ಷಿಗಳು ಹಾರಿಹೋದವು. ಹಾಗಾದರೆ ಅವನು ಬ್ಯಾಡಗಿಗೆ ಯಾಕೆ ಬಂದ? ಬರಲಿಲ್ಲ. ಡಬ್ಬಿ ಬರಲಿಲ್ಲ, ತತ್ತಿ ಬರಲಿಲ್ಲ, ಭರಮವ್ವನ ಕೈಗುಣಕ್ಕೆ ಏನೂ ಆಗಲಿಲ್ಲ. ಈ ಕಥೆಯೇ ಇಲ್ಲ. ಇರುವುದರಲ್ಲಿ ಇದೇ ಒಳ್ಳೆಯ ಮುಕ್ತಾಯ. ಅದನ್ನು ಬರೆದ ಹಾಳಿ ಇನ್ನೂ ನನ್ನ ಹತ್ತಿರ ಇದೆ, ಅದನ್ನು ಮಾತ್ರ ಹರಿಯಲು ಆಗಿಲ್ಲ. ಆದರೆ ಪಕ್ಷಿಗಳು ಸತ್ತದ್ದು ಖರೇ, ಅದನ್ನೇನು ಮಾಡಲಿ?

೮

ಆ ಒಂದು ಮರಿ ನಲವತ್ತೊಂದು ದಿನ ಇತ್ತು. ಮೇಲೆ ಬರೆದ ಗೆದ್ದಲು, ಮೆಂತ್ಯೆಸೊಪ್ಪು, ಹನಿ ನೀರು ಎಲ್ಲ ಫಕ್ಕೀರಸಾಬ ಅದಕ್ಕೆ ಮಾಡಿದ್ದೇ. ಭರಮವ್ವ ಮಾತ್ರ ಅದರ ಹತ್ತಿರ ಹೋಗಲಿಲ್ಲ. ಅವನು ತಂದು ತೋರಿಸಿದರೆ ಕೈ ಹಿಂದೆ ಕಟ್ಟಿಕೊಂಡು ದೂರದಿಂದ ನೋಡುತ್ತಿದ್ದಳು. ಮೇ ಕೊನೆಗೆ ಅದರ ಕಾಲು ನಡುಗತೊಡಗಿದವು. ಎಲುಬಿಗೆ ಬಲ ಇರಲಿಲ್ಲ. ಅದಕ್ಕೆ ಏನು ಕೊಡಬೇಕು ಅಂತಲೂ ಎರಡನೇ ಹಾಳಿಯಲ್ಲಿತ್ತು. ಆದರೆ ಆ ಹಾಳಿ ಹೊರಗೆ ತೆಗೆದರೆ ಮೊದಲ ಸಾಲೂ ಹೊರಗೆ ಬರುತ್ತದಲ್ಲ. ಕೋಳಿತತ್ತಿಯ ಸಿಪ್ಪೆ ಪುಡಿ ಮಾಡಿ ಹಾಕಿ ನೋಡ್ರಿ ಅಂತ ಸುಮ್ಮನೆ ತೋಚಿದ ಮಾತಿನ ಹಾಗೆ ಹೇಳಿದೆ. ಹೇಳುವ ಹೊತ್ತಿಗೆ ತಡವಾಗಿತ್ತು. ಜೂನ್ ಎಂಟು, ಮೊದಲ ಮಳೆಯ ತಂಪಿಗೆ ಅದು ಸತ್ತಿತು.

(ಇಪ್ಪತ್ತೊಂದು ಮರಿಗಳು ನನ್ನ ಸೋಮಾರಿತನಕ್ಕೆ ಸತ್ತವು. ಈ ಒಂದು ನನ್ನ ಮರ್ಯಾದೆಗೆ ಸತ್ತಿತು. ಇಂಥ ಕಡೆ ತಮಾಷೆ ಮಾಡುವುದು ನನ್ನ ಶೈಲಿ ಅಂತ ಕೆಲವರು ಅನ್ನುತ್ತಾರೆ. ಇಲ್ಲಿ ಬರುತ್ತಿಲ್ಲ.)

ಜುಲೈದಲ್ಲಿ ಫಕ್ಕೀರಸಾಬ ಹವಾಲ್ದಾರನನ್ನು ಅದೇ ಡಬ್ಬಿಯಲ್ಲಿ ಹಾಕಿಕೊಂಡು ಊರು ಬಿಟ್ಟ. ಎಲ್ಲಿಗೆ ಅಂತ ಯಾರಿಗೂ ಹೇಳಲಿಲ್ಲ. ಹೋಗುವ ದಿನ ನನ್ನ ಮನೆಗೆ ಬಂದು, “ನೀವಽ ಓದಿ ಹೇಳಿದ್ರಿ, ಮಾಸ್ತರ. ಉಪಕಾರ ಆತು,” ಅಂದ. ಆ ಮಾತು ನನಗೆ ದಿನಾ ಒಮ್ಮೆ ನೆನಪಾಗುತ್ತದೆ.

೯

ಓಣಿಯ ಬಿಸ್ಮಿಲ್ಲಾಬಿ ಕಾವಿಗೆ ಬಂದ ಕೋಳಿ ಹಿಡಿದುಕೊಂಡು ಬಂದಾಗ ಭರಮವ್ವ ಬಾಗಿಲಲ್ಲೇ ತಡೆದಳು. “ಬ್ಯಾಡವ್ವಾ. ನನ್ನ ಕೈ ಕೆಟ್ಟೈತಿ. ನೀನಽ ಕೂಡ್ರಸಕೋ.” ಒಂದೆರಡು ವರ್ಷ ಜನ ಕರೆದು ನೋಡಿದರು. ಆಮೇಲೆ ಕರೆಯುವುದನ್ನು ಬಿಟ್ಟರು. ಆಮೇಲೆ, ಬಾಣಂತಿಯ ಮನೆಗೆ ಅವಳು ಬಂದರೆ ಕೂಸನ್ನು ಒಳಗೆ ಒಯ್ಯತೊಡಗಿದರು. ಯಾರೂ ಬಾಯಿ ಬಿಟ್ಟು ಏನೂ ಅನ್ನುವುದಿಲ್ಲ. ಸುಮ್ಮನೆ ಒಳಗೆ ಒಯ್ಯುತ್ತಾರೆ.

ಈಗ ಅವಳು ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಾಳೆ. ಅಂಗೈ ದಿನವಿಡೀ ಉರಿಯುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿಕೋ ಅಂತ ನಾನು ಒಮ್ಮೆ ಹೇಳಿದೆ. “ಈ ಕೈಗೆ ಇದಽ ಸರಿ ಬಿಡ್ರಿ,” ಅಂದಳು.

೧೦

ಮೊನ್ನೆ ರವಿವಾರ ಮುಂಜಾನೆ ನಾನು ಈ ಕಥೆಯ ಹಾಳಿಗಳನ್ನು ಹಿಡಿದುಕೊಂಡು ಅವಳ ಅಂಗಳಕ್ಕೆ ಹೋದೆ. ಅವಳು ಮನೆಗೆ ತಂದುಕೊಂಡ ಮೆಣಸಿನಕಾಯಿ ರಾಶಿಯ ಮುಂದೆ ಕೂತಿದ್ದಳು.

“ಏನ್ ತಂದೀರಿ, ಮಾಸ್ತರ?”

“ಒಂದು ಕಥಿ ಬರದೇನಿ. ನಿನ್ನ ಕಥಿ. ಓದ್ತೀನಿ, ಕೇಳು.”

“ನಂದೇನ್ ಕಥಿರಿ? ಓದ್ರಿ ಹಂಗಾರ. ಕೈ ನಿಲ್ಲಸಂಗಿಲ್ಲ ನೋಡ್ರಿ, ಸಂಜೀಕ ಮುಗಸಬೇಕು.”

ಓದಿದೆ. ರಾಣಿ ಶರಣು ಮಾಡಿದ್ದು ಬಂದಾಗ ನಕ್ಕಳು. ಫಕ್ಕೀರಸಾಬನ ಕೀಲಿ ಬಂದಾಗ ತೋಳಿನ ಮೇಲ್ಭಾಗದಿಂದ ಕಣ್ಣು ಒರೆಸಿಕೊಂಡಳು, ಮೆಣಸಿನಕಾಯಿಯ ಕೈ ಕಣ್ಣಿಗೆ ತಾಗಿಸುವ ಹಾಗಿಲ್ಲ. ಇಪ್ಪತ್ತೊಂದರ ಎಣಿಕೆ ಬಂತು, ಇದ್ದಲಿಯ ಚುಕ್ಕೆ ಬಂತು, ಮೊರ ಬಂತು. ಕರೆಂಟಿನ ಮಾತು ಕೇಳಿದ ಫಕ್ಕೀರಸಾಬನೂ ಬಂದ. ಮುಂದಿನ ಹಾಳಿಯಲ್ಲಿ ನಾನು ಏನು ಓದಿದ್ದೆ, ಏನು ಮುಚ್ಚಿಟ್ಟೆ ಅನ್ನುವುದು ಇತ್ತು. ನಾನು ಅದನ್ನು ದಾಟಿಸಿ, ಮರಿ ನಲವತ್ತೊಂದು ದಿನ ಇತ್ತು ಅನ್ನುವಲ್ಲಿಗೆ ಹೋದೆ. ದನಿ ಸಹಜವಾಗಿಯೇ ಇತ್ತು. ಇಂಗ್ಲಿಷ್ ಮಾಸ್ತರ, ನನಗೆ ಅಭ್ಯಾಸ ಇದೆ.

ಭರಮವ್ವನ ಕೈ ನಿಂತಿತು.

“ಮಾಸ್ತರ, ಎರಡು ಹಾಳಿ ಕೂಡಿ ತಿರುವಿದ್ರಿ.”

“ಇಲ್ಲಲ್ಲ.”

“ಹನ್ನೊಂದು ವರ್ಷ ತಿರುವೇನ್ರಿ ನಾ. ಒಂದು ಬಿಟ್ರ ನನ್ನ ಕಣ್ಣಿಗೆ ಬೀಳತೈತಿ.” ಸಿಟ್ಟಿಲ್ಲದೆ ಹೇಳಿದಳು. “ಏನೈತಿ ಆ ಹಾಳ್ಯಾಗ?”

ಅದಽ ಐತಿ, ಎಲ್ಲಾ ಅದಽ ಐತಿ ಅನ್ನುವ ಮಾತು ಬಾಯಿಗೆ ಬಂದಿತ್ತು.

ಇಲ್ಲಿ ನೀವು ಮುಕ್ತಾಯ ಕೇಳುತ್ತೀರಿ. ಓದಿದರೆ, ಇಪ್ಪತ್ತೊಂದು ಮರಿಗಳನ್ನು ಕೊಂದದ್ದು ನಿನ್ನ ಕೈಯೇ ಅಂತ ಅವಳಿಗೆ ನಾನೇ ಹೇಳಿದ ಹಾಗಾಗುತ್ತದೆ. ಕೈಗುಣ ಕೆಟ್ಟಿರಲಿಲ್ಲ, ಕೈಗೆ ಹೇಳಬೇಕಾದವನು ಹೇಳಲಿಲ್ಲ ಅಂತಲೂ ಹೇಳಿದ ಹಾಗಾಗುತ್ತದೆ. ಎರಡರಲ್ಲಿ ಅವಳು ಯಾವುದನ್ನು ಕೇಳಿಸಿಕೊಳ್ಳುತ್ತಾಳೋ ನನಗೆ ಗೊತ್ತಿಲ್ಲ. ಓದಿದೆ ಅಂತ ಒಂದು ಮುಕ್ತಾಯ, ಎದ್ದು ಬಂದೆ ಅಂತ ಇನ್ನೊಂದು ಮುಕ್ತಾಯ ಬರೆದು ನೋಡಿದ್ದೇನೆ. ಎರಡೂ ಸುಳ್ಳು. ರವಿವಾರ ಮುಗಿದು ಮೂರು ದಿನವಾದರೂ ನಾನು ಆ ಅಂಗಳದಿಂದ ಎದ್ದಿಲ್ಲ. ಭರಮವ್ವ ಅಂಗೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕಾಯುತ್ತಿದ್ದಾಳೆ. ಆ ಹಾಳಿ ನನ್ನ ಕೈಯಲ್ಲೇ ಇದೆ. ಅದರಲ್ಲಿ ಓದಬೇಕಾದ್ದು ಇಂಗ್ಲಿಷಿನಲ್ಲಿ ಐದು ಶಬ್ದ, ಕನ್ನಡದಲ್ಲಿ ಎರಡೇ.